ಸಹಾಯ ಬೇಕು: ಡೀಸೆಲ್‌ನ ಗಂಧಕ ತೆಗೆಯುವ ವೇಗವರ್ಧಕ ಎರಡನೇ ಬಾರಿಗೆ ಸೋಲುತ್ತಿದೆ

ಡೈಬೆಂಜೋಥಯೋಫೀನ್ ಎಂಬ ಗಂಧಕದ ಸಂಯುಕ್ತ ಬೆರೆಸಿದ ಮಾದರಿ ಡೀಸೆಲ್‌ನಿಂದ ಉತ್ಕರ್ಷಣದ ಮೂಲಕ ಗಂಧಕ ತೆಗೆಯುತ್ತಿದ್ದೇನೆ. ಸಿಲಿಕಾದ ಮೇಲೆ ಕೂರಿಸಿದ ಫಾಸ್ಫೋಟಂಗ್‌ಸ್ಟಿಕ್ ಆಮ್ಲವೇ ವೇಗವರ್ಧಕ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್, ತಾಪ 60 ಡಿಗ್ರಿ ಸೆಲ್ಸಿಯಸ್. ಹುಟ್ಟಿದ ಸಲ್ಫೋನನ್ನು (ಆಮ್ಲಜನಕ ಸೇರಿದ ಗಂಧಕದ ಸಂಯುಕ್ತ) ಅಸಿಟೋನೈಟ್ರೈಲ್ ಎಂಬ ದ್ರಾವಕ ಸೆಳೆದುಕೊಳ್ಳುತ್ತದೆ.

ಹೊಸ ವೇಗವರ್ಧಕ ಸೊಗಸಾಗಿ ಕೆಲಸ ಮಾಡುತ್ತದೆ. ಅದನ್ನೇ ಸೋಸಿ, ತೊಳೆದು, ಒಣಗಿಸಿ ಮತ್ತೆ ಹಾಕಿದರೆ ಅರ್ಧಕ್ಕರ್ಧ ಗಂಧಕ ಹಾಗೆಯೇ ಉಳಿಯುತ್ತದೆ. ಆಮ್ಲವು ದ್ರಾವಕಕ್ಕೆ ಇಳಿದುಹೋಗುತ್ತಿದೆ ಎಂಬುದು ನನ್ನ ಬಲವಾದ ಅನುಮಾನ. ಏಕೆಂದರೆ ಬಿಸಿಯಿರುವಾಗಲೇ ವೇಗವರ್ಧಕವನ್ನು ಸೋಸಿ ತೆಗೆದ ಮೇಲೂ ದ್ರವದಲ್ಲಿ ಕ್ರಿಯೆ ಮುಂದುವರಿಯಿತು. ಸಲ್ಫೋನ್ ರಂಧ್ರಗಳಲ್ಲಿ ಕಚ್ಚಿಕೊಂಡಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾರೆ.

ಆಮ್ಲವನ್ನು ಹಿಡಿದಿಡಲು ಅಮೀನ್ ಗುಂಪುಗಳನ್ನು ಜೋಡಿಸಿದ ಸಿಲಿಕಾ ಅಥವಾ ಆ ಆಮ್ಲದ ಸೀಸಿಯಂ ಲವಣ ಬಳಸಿದವರು ಇದ್ದೀರಾ? ಆಮ್ಲ ಗಟ್ಟಿಯಾಗಿ ನಿಂತಿತೇ, ವೇಗ ಎಷ್ಟು ಕುಗ್ಗಿತು? ಹೈಡ್ರೋಜನ್ ಬಳಸಿ ಗಂಧಕ ತೆಗೆಯುವ ಸಂಸ್ಕರಣೆಗೆ ಸುಲಭವಾಗಿ ಬಗ್ಗದ 4,6-ಡೈಮೀಥೈಲ್ ಡೈಬೆಂಜೋಥಯೋಫೀನನ್ನು ಮುಂದೆ ಪರೀಕ್ಷಿಸಬೇಕಿದೆ. ಅದಕ್ಕೆ ಮೊದಲು ಇದು ಬಗೆಹರಿಯಲೇಬೇಕು. ಅನುಭವವಿರುವವರು ದಯವಿಟ್ಟು ತಿಳಿಸಿ.