ವರ್ಚುವಲ್ ಈಥರ್ನೆಟ್ ಜೋಡಿ: ಒಂದು ತುದಿ ಸರಿಸಿದ ಕೂಡಲೇ ಕೊಂಡಿ ಬೀಳುತ್ತಿದೆ

ಪ್ರಶ್ನೆ (ಸಿಂಧನೂರು, ರಾಯಚೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕಿ ಗಿರಣಿಯ ಕಚೇರಿಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ರೂಟರ್ ಮಾಡಿಕೊಂಡಿದ್ದೇನೆ. ಲೆಕ್ಕಪತ್ರದ ಕಂಪ್ಯೂಟರ್‌ಗಳ ತಂಟೆಗೆ ಕ್ಯಾಮೆರಾಗಳು ಬರಬಾರದೆಂದು ಕ್ಯಾಮೆರಾ ಪೋರ್ಟನ್ನು ಪ್ರತ್ಯೇಕ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೆ (ಅದೇ ಯಂತ್ರದೊಳಗೆ ಬೇರ್ಪಟ್ಟ ನೆಟ್‌ವರ್ಕ್) ಹಾಕಿದೆ. ಎರಡನ್ನೂ ಬೆಸೆಯಲು ವೆತ್0, ವೆತ್1 ಎಂಬ ವರ್ಚುವಲ್ ಈಥರ್ನೆಟ್ ಜೋಡಿ ಮಾಡಿ, 10.10.10.1/30 ಮತ್ತು 10.10.10.2/30 ವಿಳಾಸ ಕೊಟ್ಟು, ಎರಡನ್ನೂ ಅಪ್ ಮಾಡಿದೆ. ಪರದೆಯಲ್ಲಿ ಎರಡೂ ಸರಿಯಾಗಿಯೇ ಕಂಡವು. ಆಮೇಲೆ ವೆತ್1 ಅನ್ನು ನೇಮ್‌ಸ್ಪೇಸ್‌ಗೆ ಸರಿಸಿದ ಕೂಡಲೇ ವೆತ್0 ಸಾಲಿನಲ್ಲಿ ‘ನೋ ಕ್ಯಾರಿಯರ್’, ‘ಲೋಯರ್‌ಲೇಯರ್‌ಡೌನ್’ ಎಂದು, ಅಂದರೆ ಕೊಂಡಿ ಬಿದ್ದಿದೆ ಎಂದು ಬಂತು. ಪಿಂಗ್ ಇಲ್ಲ. ಫೈರ್‌ವಾಲ್ ಪೂರ್ತಿ ತೆಗೆದೂ ನೋಡಿದೆ. ಮೂರು ರಾತ್ರಿ ಹೋದವು. ಭತ್ತ ಬರಲು ಶುರುವಾದರೆ ಇದರ ಮುಂದೆ ಕೂರಲು ನನಗೆ ಪುರುಸೊತ್ತು ಸಿಗುವುದಿಲ್ಲ.

ಉತ್ತರ (ಬಳ್ಳಾರಿ)

ಮೊದಲು ಫೈರ್‌ವಾಲ್ ಮತ್ತೆ ಹಾಕಿಬಿಡಿ ಸರ್, ಅದರದೇನೂ ತಪ್ಪಿಲ್ಲ. ಅದು ತಡೆದಿದ್ದರೆ ಪಿಂಗ್ ನಿಲ್ಲುತ್ತಿತ್ತೇ ಹೊರತು ಕೊಂಡಿ ಬೀಳುತ್ತಿರಲಿಲ್ಲ.

ನೀವು ಎಡವಿದ್ದು ಕ್ರಮದಲ್ಲಿ. ಯಾವುದೇ ಇಂಟರ್‌ಫೇಸನ್ನು ಒಂದು ನೇಮ್‌ಸ್ಪೇಸ್‌ನಿಂದ ಇನ್ನೊಂದಕ್ಕೆ ಸರಿಸಿದರೆ ಲಿನಕ್ಸ್ ಅದನ್ನು ಡೌನ್ ಮಾಡಿ, ಅದರ ಐಪಿ ವಿಳಾಸವನ್ನೂ ಅಳಿಸುತ್ತದೆ. ವೆತ್1 ಒಳಗೆ ಹೋದದ್ದು ಬರಿಗೈಯಲ್ಲಿ. ಈ ಜೋಡಿ ಎಂದರೆ ಎರಡು ತುದಿಗಳ ಒಂದೇ ತಂತಿ. ಒಂದು ತುದಿ ಡೌನ್ ಆದರೆ ಇನ್ನೊಂದು ಕ್ಯಾರಿಯರ್ ಕಳೆದುಕೊಳ್ಳುತ್ತದೆ. ನೀವು ಎಡದಂಡೆ ಕಾಲುವೆಯ ಕಡೆಯವರು, ಮೇಲಿನ ತೂಬು ತೆರೆದ ಮಾತ್ರಕ್ಕೆ ಕೆಳಗಿನ ಗದ್ದೆಗೆ ನೀರು ಬರುವುದಿಲ್ಲ ಎಂಬುದನ್ನು ನಾನು ಹೇಳಬೇಕಿಲ್ಲ.

ನೇಮ್‌ಸ್ಪೇಸ್ ಒಳಗಿನಿಂದ ವಿಳಾಸಗಳ ಪಟ್ಟಿ ತೆಗೆದು ನೋಡಿ, ವೆತ್1 ಖಾಲಿ ಇರುತ್ತದೆ. ಅಲ್ಲಿಯೇ ಮತ್ತೆ ವಿಳಾಸ ಕೊಟ್ಟು ಅಪ್ ಮಾಡಿ. ಹೊಸ ನೇಮ್‌ಸ್ಪೇಸ್‌ನಲ್ಲಿ ಲೂಪ್‌ಬ್ಯಾಕ್ (ತನ್ನೊಂದಿಗೆ ತಾನೇ ಮಾತಾಡುವ ಇಂಟರ್‌ಫೇಸ್) ಕೂಡ ಡೌನ್ ಆಗಿಯೇ ಹುಟ್ಟುತ್ತದೆ, ಅದನ್ನೂ ಎಬ್ಬಿಸಿ. ಕ್ಯಾಮೆರಾ ಪೋರ್ಟನ್ನು ಸರಿಸಿದಾಗಲೂ ಇದೇ ಆಗಿರುತ್ತದೆ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಖಾಲಿ ಇತ್ತು. ವಿಳಾಸ ಕೊಟ್ಟ ಮರುಕ್ಷಣ ಪಿಂಗ್ ಬಂತು, ತುಂಬಾ ಉಪಕಾರವಾಯಿತು. ಆದರೆ ಕಚೇರಿಯ ಕಂಪ್ಯೂಟರ್‌ನಿಂದ ಕ್ಯಾಮೆರಾ ಇನ್ನೂ ಕಾಣುವುದಿಲ್ಲ. ಕಚೇರಿಯದು 192.168.1.0/24, ಕ್ಯಾಮೆರಾಗಳದು 192.168.50.0/24. ಸಾಲದ್ದಕ್ಕೆ ಸಂಜೆ ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ನೇಮ್‌ಸ್ಪೇಸೂ ಇಲ್ಲ, ಜೋಡಿಯೂ ಇಲ್ಲ.

ಉತ್ತರ (ಬಳ್ಳಾರಿ)

ದಾರಿ ಎರಡೂ ಕಡೆ ಬೇಕು. ರೂಟರ್‌ನಲ್ಲಿ 192.168.50.0/24ಕ್ಕೆ 10.10.10.2 ಮೂಲಕ ಮಾರ್ಗ ಹಾಕಿ. ನೇಮ್‌ಸ್ಪೇಸ್ ಒಳಗೆ 192.168.1.0/24ಕ್ಕೆ 10.10.10.1 ಮೂಲಕ ಹಾಕಿ. ಅಲ್ಲಿ ಡೀಫಾಲ್ಟ್ ಮಾರ್ಗ (ಉಳಿದೆಲ್ಲ ವಿಳಾಸಗಳಿಗೆ ಹೋಗುವ ದಾರಿ) ಹಾಕಲೇಬೇಡಿ, ಕ್ಯಾಮೆರಾಗಳಿಗೆ ಇಂಟರ್ನೆಟ್ ಏಕೆ ಬೇಕು? ಪ್ರತಿ ಕ್ಯಾಮೆರಾದ ಗೇಟ್‌ವೇ (ಹೊರದಾರಿಯ) ವಿಳಾಸವನ್ನೂ ನೋಡಿಕೊಳ್ಳಿ. ಐಪಿ ಫಾರ್ವರ್ಡಿಂಗ್ (ಒಂದು ಇಂಟರ್‌ಫೇಸ್‌ಗೆ ಬಂದ ಪ್ಯಾಕೆಟ್ಟನ್ನು ಇನ್ನೊಂದಕ್ಕೆ ದಾಟಿಸುವ ಸೆಟ್ಟಿಂಗ್) ಒಂದೊಂದು ನೇಮ್‌ಸ್ಪೇಸ್‌ಗೂ ಬೇರೆ ಬೇರೆ. ಒಳಗೂ ಅದು 1 ಇರಬೇಕು. ಇಷ್ಟಾದ ಮೇಲೆ ಫೈರ್‌ವಾಲ್‌ನಲ್ಲಿ ವೆತ್0 ಕಡೆಗೆ ನೀವು ಕ್ಯಾಮೆರಾ ನೋಡುವ ಒಂದೇ ಕಂಪ್ಯೂಟರ್‌ಗೆ ಅನುಮತಿ ಕೊಡಿ. ಆ ಕಡೆಯಿಂದ ಬರುವ ಪ್ಯಾಕೆಟ್‌ಗಳಲ್ಲಿ ಇದರ ಮರುತ್ತರಗಳನ್ನು ಮಾತ್ರ ಬಿಡಿ. ಇಲ್ಲದಿದ್ದರೆ ಬೇರ್ಪಡಿಸಿದ ಶ್ರಮವೆಲ್ಲ ವ್ಯರ್ಥ.

ಐಪಿ ಆಜ್ಞೆಗಳಿಂದ ಮಾಡಿದ್ದೆಲ್ಲ ಮೆಮೊರಿಯಲ್ಲಷ್ಟೇ ಇರುತ್ತದೆ. ಎಲ್ಲವನ್ನೂ ಒಂದು ಸ್ಕ್ರಿಪ್ಟ್‌ನಲ್ಲಿ ಬರೆದು, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ವ್ಯವಸ್ಥೆ) ಮೂಲಕ ಬೂಟ್ ಆಗುವಾಗ ನಡೆಯುವಂತೆ ಮಾಡಿ. ಸರಿಸುವ ಸಾಲು ವಿಳಾಸ ಕೊಡುವ ಸಾಲಿಗಿಂತ ಮೇಲಿರಲಿ.

ಪ್ರಶ್ನೆ ಕೇಳಿದವರು

ಒಂದು ಕ್ಯಾಮೆರಾದಲ್ಲಿ ಗೇಟ್‌ವೇ ಖಾಲಿ ಇತ್ತು, ತುಂಬಿದೆ. ಬೇಕೆಂದೇ ರೂಟರ್‌ನ ಕರೆಂಟ್ ತೆಗೆದು ಮತ್ತೆ ಕೊಟ್ಟೆ. ಎರಡು ನಿಮಿಷದೊಳಗೆ ಭತ್ತದ ಅಂಗಳ ಪರದೆಯ ಮೇಲೆ ಬಂತು.