ಕಂಟೇನರ್ ಮನೆಗೆ ಇನ್ನೊಂದು ಕೋಣೆ ಸೇರಿಸೂದು ಹೇಗೆ? (ಅಂಕೋಲಾ ಕಡೆ)

ಕಡಲ_ಗಾಳಿ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೊಳ್ದೆ ಓದಿ. ನಮ್ಮದು ಅಂಕೋಲಾದಿಂದ ಒಳಗೆ, ಸಮುದ್ರಕ್ಕೆ ನೇರ ಹಿಡಿದ್ರೆ ಒಂದೂವರೆ ಕಿಲೋಮೀಟರ್ ಇರಬಹುದು. ಹಳೇ ಮಣ್ಣಿನ ಗೋಡೆ ಮನೆ ಒಂದು ಮಳೆಗಾಲದಲ್ಲಿ ಹಿಂಬದಿಗೆ ಕುಸ್ದು ಹೋಯ್ತು, ಆವಾಗ ಹೊಸ ಮನೆ ಕಟ್ಟೂವಷ್ಟು ದುಡ್ಡು ಇಲ್ದೆ 40 ಅಡಿ ಕಂಟೇನರ್ ಒಂದನ್ನ ಮನೆ ಮಾಡಿದ್ದು ತಗೊಂಡ್ವಿ. ಮಾರಿದವ್ರು 'ಮೊಬೈಲ್ ಹೋಮ್ ಸರ್, ಬೇಡ ಅಂದ್ರೆ ಲಾರಿ ಮೇಲೆ ಹಾಕ್ಕೊಂಡು ಹೋಗಿ' ಅಂದಿದ್ರು. ಐದು ವರ್ಷ ಆಯ್ತು, ಕ್ರೇನ್ ಇಟ್ಟು ಹೋದ ಜಾಗದಿಂದ ಒಂದಿಂಚು ಅಲ್ಲಾಡ್ಲಿಲ್ಲ, ಈಗ ಅದರ ಮೇಲೆ ತೊಂಡೆ ಬಳ್ಳಿ ಹಬ್ಬಿದೆ.

ಈಗ ಆಯಿ ನಮ್ಮ ಜೊತೆಗೇ ಇರ್ತಾರೆ. ಮೊಣಕಾಲು ನೋವು, ಮೆಟ್ಲು ಹತ್ತೂಕಾಗೂದಿಲ್ಲ. ಅದಕ್ಕೆ ಅದೇ ಮಟ್ಟದಲ್ಲಿ 10x12ರ ಒಂದು ಕೋಣೆ, ಸಣ್ಣ ಬಾತ್‌ರೂಮ್ ಸೇರಿಸ್ಬೇಕು ಅಂತ. ಕಂಟೇನರ್ ಒಳಗೆ ಅಗಲ 7 ಅಡಿ 8 ಇಂಚು ಅಷ್ಟೇ, ಒಂದು ಮಂಚ ಹಾಕಿದ್ರೆ ಅಡ್ಡಡ್ಡ ನಡೀಬೇಕು. ಫ್ಯಾಬ್ರಿಕೇಶನ್ ಮಾಡೂವವ್ರು ಒಬ್ರು ಬಂದು ನೋಡಿ ಕಂಟೇನರ್ ಗೋಡೆಗೇ ಆಂಗಲ್ ವೆಲ್ಡ್ ಮಾಡಿ, ಆ ಕಡೆ ಎರಡು ಪೈಪ್ ಕಾಲು ಕೊಟ್ಟು, ಶೀಟ್ ಹಾಕಿ ನಾಲ್ಕೇ ದಿವಸದಲ್ಲಿ ಕೊಡ್ತೇನೆ, ಉದ್ದದ ಗೋಡೆ 10 ಅಡಿ ಪೂರ್ತಿ ಕತ್ತರಿಸಿ ತೆಗೆದ್ರೆ ಹಾಲ್ ತರ ಓಪನ್ ಆಗ್ತದೆ ಅಂದ್ರು. ಮೇಸ್ತ್ರಿ ನೋಡಿ ನಕ್ಕು ಕೆಂಪುಕಲ್ಲೇ ಸರಿ ಅಂದ. ಯಾರ ಮಾತು ಕೇಳೂದು? ಇಂಥದ್ದು ಮಾಡಿದವ್ರು ಯಾರಾದ್ರೂ ಇದ್ರೆ ಹೇಳಿ. ಮೇ ಒಳಗೆ ಮುಗೀಬೇಕು.

ಚಿರೆಕಲ್ಲು_ಕುಮಟಾ:

ಇಬ್ಬರದ್ದೂ ಅರ್ಧ ಸರಿ. ಕಲ್ಲು ಅಥವಾ ಕಬ್ಬಿಣ ಯಾವುದಾದ್ರೂ ಮಾಡಿ, ಆದ್ರೆ ಹೊಸ ಕೋಣೆನ ಹಳೇ ಡಬ್ಬಿಗೆ ನೇತು ಹಾಕಬೇಡಿ. ಅದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಅದರ ಪಾಯ ಬೇರೆ, ಕಂಬ ಬೇರೆ, ಮಾಡು (ಚಾವಣಿ) ಬೇರೆ.

ಯಾಕೆ ಅಂದ್ರೆ ಎರಡೂ ಬೇರೆ ಬೇರೆ ತರ ಅಲ್ಲಾಡ್ತವೆ. ನಿಮ್ಮ ಕಂಟೇನರ್ ಕೂತು ಐದು ಮಳೆ ಕಂಡಿದೆ, ಎಷ್ಟು ಕುಸೀಬೇಕೋ ಅಷ್ಟು ಕುಸ್ದು ಕೂತಿದೆ. ಹೊಸ ಪಾಯ ಮೊದಲ ಮಳೆಗೆ ಸ್ವಲ್ಪ ಇಳಿಯೂದೇ, ನಮ್ಮ ಕೆಂಪು ಮಣ್ಣು ಜೂನ್‌ನಲ್ಲಿ ಹೇಗಾಗ್ತದೆ ನಿಮಗೇ ಗೊತ್ತು. ಎರಡನ್ನೂ ಗಟ್ಟಿ ಬೆಸುಗೆ ಹಾಕಿದ್ರೆ ಇಳಿಯೂದು ಇಳೀತದೆ, ಬೆಸುಗೆ ಹರೀತದೆ, ಅಲ್ಲಿಂದ ನೀರು. ಇನ್ನೊಂದು ಬಿಸಿಲು. 40 ಅಡಿ ಅಂದ್ರೆ 12 ಮೀಟರ್ ಕಬ್ಬಿಣ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸ ಆದ್ರೆ ಸುಮಾರು 4 ಮಿಲಿಮೀಟರ್ ಹಿಗ್ತದೆ. ಏಪ್ರಿಲ್‌ನಲ್ಲಿ ಆ ತಗಡಿನ ಮೇಲೆ ಕೈ ಇಟ್ಟು ನೋಡಿ, 30 ಏನೂ ದೊಡ್ಡದಲ್ಲ. ದಿನಾ 4 ಮಿಲಿಮೀಟರ್ ಹಿಂದೆ ಮುಂದೆ ಆಡೂ ಗೋಡೆಗೆ ಸಿಮೆಂಟ್ ಹಚ್ಚಿದ್ರೆ ಅದು ಎಷ್ಟು ದಿವಸ ನಿಲ್ತದೆ?

ಎರಡು ಗೋಡೆ ಮಧ್ಯೆ ಒಂದೂವರೆ ಇಂಚು ಸಂದು ಬಿಡಿ. ಒಳಗೆ ಫೋಮ್ ಹಗ್ಗ ತುರುಕಿ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್. ಅದರ ಮೇಲೆ ಸಂದು ಮುಚ್ಚೂ ತಗಡಿನ ಪಟ್ಟಿ (ಫ್ಲ್ಯಾಶಿಂಗ್), ಅದನ್ನ ಒಂದೇ ಬದಿಗೆ ಸ್ಕ್ರೂ ಮಾಡಿ, ಇನ್ನೊಂದು ಬದಿ ಸುಮ್ನೆ ಮೇಲಿಂದ ಇಳಿಬಿಟ್ಟಿರ್ಬೇಕು, ಕೊಡೆ ತರ. ಎರಡೂ ಬದಿ ಸ್ಕ್ರೂ ಹೊಡೆದ್ರೆ ಮತ್ತೆ ಅದೇ ಕತೆ.

ಹಂಚು ಹಾಕೂ ಆಸೆ ಇದ್ರೆ ಭಾರ ಲೆಕ್ಕ ಹಾಕಿ. ಆ ಅಳತೆಗೆ ಇಳಿಜಾರು, ಹೊರಚಾಚು ಸೇರಿ 250 ಮಂಗಳೂರು ಹಂಚು ಬೇಕು, ಒಂದೊಂದು ಎರಡೂವರೆ ಕೆಜಿ ಹಿಡೀರಿ, ಒಣಗಿದ್ದಾಗಲೇ 600 ಕೆಜಿ ಮೇಲೆ. ಅದನ್ನ ಕಂಟೇನರ್ ಅಂಚಿಗೆ ಆನಿಸಿ ಇಡೂದು ಅಂದ್ರೆ...

ವೆಲ್ಡಿಂಗ್_ಗ್ಯಾಸ್:

ಕಾರವಾರದಲ್ಲಿ ಫ್ಯಾಬ್ರಿಕೇಶನ್ ಮಾಡ್ತೇನೆ, ಹಾಗಾಗಿ ನಮ್ಮವ್ರಿಗೆ ಬೈದದ್ದು ಓದಿ ಸುಮ್ನೆ ಕೂರೂಕಾಗ್ಲಿಲ್ಲ ಹಹ. ಆದ್ರೆ ಆ ನಾಲ್ಕು ದಿವಸದ ಮನುಷ್ಯ ಹೇಳಿದ್ದು ತಪ್ಪೇ.

ಕಂಟೇನರ್ ಹಡಗಿನಲ್ಲಿ ಒಂದರ ಮೇಲೊಂದು ಪೇರಿಸ್ತಾರಲ್ಲ, ಆ ಭಾರ ಎಲ್ಲಾ ನಾಲ್ಕು ಮೂಲೆ ಕಂಬದ್ದು. ಮಾಡಿನ ತಗಡು 2 ಮಿಲಿಮೀಟರ್ ಅಷ್ಟೇ. ಆದ್ರೆ ಉದ್ದದ ಗೋಡೆ ಸುಮ್ನೆ ಪರದೆ ಅಂತ ತಿಳೀಬೇಡಿ, ಆ ನೆರಿಗೆ ನೆರಿಗೆ ಇದೆಯಲ್ಲ ಅದೇ ಮೇಲಂಚಿನ ಕಬ್ಬಿಣದ ರೈಲನ್ನೂ ಕೆಳಂಚಿನ ರೈಲನ್ನೂ ಹಿಡ್ದಿರೂದು. 3 ಅಡಿ ಬಾಗಿಲು ಕೊರೀರಿ, ಸುತ್ತ ಬಾಕ್ಸ್ ಸೆಕ್ಷನ್ ಚೌಕಟ್ಟು ಕೊಡಿ, ಏನೂ ಆಗೂದಿಲ್ಲ. 10 ಅಡಿ ತೆಗೆದ್ರೆ ಮೇಲೆ ತೊಲೆ ಬೇಕು, ಕೆಳಗೆ ಆಧಾರ ಬೇಕು, ಇಲ್ಲದಿದ್ರೆ ಮಧ್ಯೆ ಜೋತು ಬೀಳ್ತದೆ, ಪಕ್ಕದ ಕಿಟಕಿ ಮುಚ್ಚೂದೇ ಇಲ್ಲ.

ಅದಕ್ಕಿಂತ ಸುಲಭ ಒಂದಿದೆ. ಕಂಟೇನರಿನ ಒಂದು ತುದಿಯಲ್ಲಿ ಕಂಪನಿ ಕೊಟ್ಟ ದೊಡ್ಡ ಬಾಗಿಲು ಇರ್ತದಲ್ಲ, ಅಲ್ಲಿ ಮೊದಲೇ ಗಟ್ಟಿ ಚೌಕಟ್ಟು ಇದೆ, ಕೊರೆಯೂದೇ ಬೇಡ. ಕೋಣೆ ಆ ತುದಿಗೆ ಮಾಡಿದ್ರೆ ಗೋಡೆ ಮುಟ್ಟೂದೇ ಬೇಡ.

ಕೊರೆಯೂದೇ ಆದ್ರೆ ಒಂದು ಎಚ್ಚರಿಕೆ. ಒಳಗೆ ಪಫ್ (ಪಿಯು ಫೋಮ್) ಅಥವಾ ಥರ್ಮಾಕೋಲ್ ಹಾಕಿ ಪ್ಯಾನಲ್ ಹೊಡೆದಿರ್ತಾರೆ. ನಮ್ಮದೇ ಒಂದು ಕೆಲಸದಲ್ಲಿ ಹೊರಗಿಂದ ಗ್ರೈಂಡರ್ ಹಾಕಿದ್ವಿ, ಕಿಡಿ ಒಳಗೆ ಹೋಗಿ ಕೂತಿದೆ, ನಮಗೆ ಗೊತ್ತೇ ಇಲ್ಲ, ಚಾ ಕುಡಿದು ಬರೂವಷ್ಟರಲ್ಲಿ ಗೋಡೆಯಿಂದ ಕಪ್ಪು ಹೊಗೆ, ಆ ಹೊಗೆ ವಾಸನೆ ಈಗಲೂ ಮೂಗಲ್ಲಿದೆ. ಮೊದಲು ಒಳಗಿನ ಪ್ಯಾನಲ್ ಬಿಚ್ಚಿ, ಎರಡೂ ಕಡೆ ಒಂದಡಿ ಕೆರೆದು ತೆಗೀರಿ, ಬಕೆಟ್ ನೀರು ಪಕ್ಕ ಇಟ್ಕೊಳ್ಳಿ, ಕೆಲಸ ಮುಗಿದ ಮೇಲೂ ಒಂದು ತಾಸು ಅಲ್ಲೇ ಇರಿ.

ಕೊರೆದ ಅಂಚಿಗೆ ಅದೇ ದಿವಸ ಪ್ರೈಮರ್ ಹೊಡೀರಿ, ನಾಳೆ ಅನ್ಬೇಡಿ. ಬರೀ ರೆಡ್ ಆಕ್ಸೈಡ್ ನಮ್ಮ ಉಪ್ಪು ಗಾಳಿಗೆ ಸಾಕಾಗೂದಿಲ್ಲ, ಎಪಾಕ್ಸಿ ಪ್ರೈಮರ್ ಮೇಲೆ ಪಿಯು ಪೇಂಟ್. ಹೊರಗಿನ ಬೋಲ್ಟು ಸ್ಟೀಲ್ ಹಾಕೂದಾದ್ರೆ 316 ಗ್ರೇಡ್, 304 ಗ್ರೇಡ್ ಹಾಕಿದ್ರೆ ಟೀ ಕಲೆ ತರ ತುಕ್ಕು ಬರ್ತದೆ.

ಕಡಲ_ಗಾಳಿ:

ದೊಡ್ಡ ಬಾಗಿಲು ಇರೂದು ಪಡುವಣ ತುದಿಗೆ, ಸ್ವಲ್ಪ ತೆಂಕಣಕ್ಕೆ ವಾಲಿದೆ. ಮಳೆ ನೇರ ಬಂದು ಹೊಡೆಯೂದು ಅಲ್ಲೇ, ಅದಕ್ಕೇ ಬಾಗಿಲು ಯಾವತ್ತೂ ತೆಗೀಲೇ ಇಲ್ಲ, ಒಳಗಿಂದ ಪ್ಲೈವುಡ್ ಹೊಡೆದುಬಿಟ್ಟಿದ್ದೇವೆ. ಆಯಿಗೆ ಕೇಳಿದ್ರೆ ನೈಋತ್ಯದಲ್ಲಿ ಹಿರಿಯರ ಕೋಣೆ ಇರೂದೇ ವಾಸ್ತು ಅಂತಾರೆ. ವಾಸ್ತುವೂ ಮಳೆಯೂ ಒಂದೇ ದಿಕ್ಕಿಗೆ ಬಂದು ಕೂತಿದೆ 😅

ಮಲೆನಾಡ_ಮಾಣಿ:

ಶಿರಸಿಯವನು, ಈಗ ಹತ್ತು ವರ್ಷದಿಂದ ಅಮೆರಿಕದಲ್ಲಿ. ನಿಮಗೆ ಮಾರಿದವರು ಬಳಸಿದ ಹೆಸರು ನೋಡಿ ನಗು ಬಂತು, ಯಾಕಂದ್ರೆ ಇಲ್ಲಿಯ ನಿಜವಾದ ಮೊಬೈಲ್ ಹೋಮ್ ಕತೆಯೂ ಇದೇ, ಹೆಸರಿಗೆ ಮೊಬೈಲ್, ಒಂದು ಸಲ ಕೂತ ಮೇಲೆ ಬಹುತೇಕ ಏಳೂದೇ ಇಲ್ಲ. ಅದು ಕಂಟೇನರ್ ಅಲ್ಲ, ಕೆಳಗೆ ಕಬ್ಬಿಣದ ಚಾಸಿ, ಮೇಲೆ ಹಗುರ ಮರದ ಚೌಕಟ್ಟು, ಫ್ಯಾಕ್ಟರಿಯಲ್ಲೇ ಮಾಡಿ ರೋಡಲ್ಲಿ ಎಳ್ಕೊಂಡು ಬರ್ತಾರೆ. 1976ರ ಜೂನ್‌ನಿಂದ ಅದಕ್ಕೆ ಇಡೀ ದೇಶಕ್ಕೆ ಒಂದೇ ಕಟ್ಟಡ ನಿಯಮ ಇದೆ, ಹಡ್ ಕೋಡ್ ಅಂತಾರೆ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಫ್ಲೋರಿಡಾದಲ್ಲಿ ಇಂಥ ಮನೆಗಳನ್ನ ಚಿಂದಿ ಮಾಡಿದ ಮೇಲೆ 1994ರಲ್ಲಿ ಗಾಳಿಯ ನಿಯಮ ಬಿಗಿ ಮಾಡಿದ್ರು.

ಇಲ್ಲೂ ಜನ ಅದಕ್ಕೆ ಕೋಣೆ ಸೇರಿಸ್ತಾರೆ, ಎಲ್ಲರೂ ಮೊದಲು ಹೇಳೂದು ಮೇಲೆ ಚಿರೆಕಲ್ಲು ಅವ್ರು ಹೇಳಿದ್ದೇ. ಆ ಗೋಡೆ, ಆ ಮಾಡು ತನ್ನ ಭಾರ ಹೊರೂಕೆ ಮಾತ್ರ ಲೆಕ್ಕ ಹಾಕಿ ಮಾಡಿದ್ದು, ಇನ್ನೊಬ್ಬರ ಭಾರ ಹಾಕಿದ್ರೆ ಬಗ್ತದೆ. ಕಂಟೇನರ್ ಅದಕ್ಕಿಂತ ಗಟ್ಟಿ ಹೌದು, ಆದ್ರೂ ತತ್ವ ಅದೇ.

ಈಗ ನಮ್ಮೂರ ಮಾತು. ಎಂತಕ್ಕೆ ಎಲ್ಲಾ ಸಂದಿನ ಬಗ್ಗೆ ಅಷ್ಟು ತಲೆ ಕೆಡಿಸ್ಕೊಳ್ತಿರಿ? ಸಂದಿಗೆ ಮಳೆನೇ ಬೀಳದ ಹಾಗೆ ಮಾಡಿದ್ರೆ ಆಯ್ತಲ್ಲ. ಶಿರಸಿ ಕಡೆ ಮಳೆಗಾಲಕ್ಕೆ ಮುಂಚೆ ಗೋಡೆಗೆ ಅಡಿಕೆ ಸೋಗೆ ತಟ್ಟಿ ಕಟ್ತಿದ್ವಿ, ಗೋಡೆ ಗಟ್ಟಿ ಇಲ್ಲ ಅಂತ ಅಲ್ಲ, ನೀರು ಗೋಡೆ ವರೆಗೆ ಬರೂದೇ ಬೇಡ ಅಂತ. ನೀವು ಮೊದಲು ಮಾಡು ಹಾಕಿ, ಆಮೇಲೆ ಕೋಣೆ. ಕಂಟೇನರು, ಹೊಸ ಕೋಣೆ ಎರಡನ್ನೂ ಸೇರಿಸಿ ಮುಚ್ಚೂ ಹಾಗೆ ಬೇರೆಯೇ ಕಂಬ ನೆಟ್ಟು ದೊಡ್ಡ ಶೀಟ್ ಮಾಡು, ಟೆರೇಸ್ ಮೇಲೆ ಎಲ್ಲರೂ ಹಾಕಿಸ್ತಾರಲ್ಲ ಹಾಗೆ. ಸುತ್ತ 3-4 ಅಡಿ ಹೊರಚಾಚು. ಕಂಟೇನರ್ ತಗಡಿಗೂ ಶೀಟಿಗೂ ಮಧ್ಯೆ ಒಂದೆರಡು ಅಡಿ ಗಾಳಿ ಓಡಾಡಿದ್ರೆ ಏಪ್ರಿಲ್‌ನಲ್ಲಿ ಒಳಗೆ ಬೇಯೂದೂ ಕಮ್ಮಿ. ನಿಮ್ಮ ನೈಋತ್ಯ ತೊಂದರೆನೂ ಅರ್ಧ ಹೋಯ್ತು.

ವೆಲ್ಡಿಂಗ್_ಗ್ಯಾಸ್:

ಐಡಿಯಾ ಒಳ್ಳೇದು, ಆದ್ರೆ ಶಿರಸಿ ಗಾಳಿ ಬೇರೆ ನಮ್ಮ ಗಾಳಿ ಬೇರೆ. 2021ರ ಮೇನಲ್ಲಿ ತೌಕ್ತೆ ಬಂದಾಗ ಕರಾವಳಿಯಲ್ಲಿ ಎಷ್ಟು ಶೀಟ್ ಹಾರಿ ತೋಟದಲ್ಲಿ ಬಿದ್ದಿತ್ತು ನೋಡಿದ್ದೇವೆ. ಗಾಳಿ ಶೀಟನ್ನ ಕೆಳಗೆ ಒತ್ತೂದಕ್ಕಿಂತ ಮೇಲಕ್ಕೆ ಎತ್ತೂದೇ ಜಾಸ್ತಿ, ಅದರಲ್ಲೂ ಸುತ್ತ ತೆರೆದಿದ್ದು ಹೊರಚಾಚು ಉದ್ದ ಇದ್ರೆ ಕೇಳೂದೇ ಬೇಡ. 4 ಅಡಿ ಬೇಡ, 2-3 ಸಾಕು. ಕಂಬದ ಬುಡ ಮಣ್ಣಲ್ಲಿ ಹುಗಿದು ಮೇಲೆ ಎರಡು ಬಾಂಡ್ಲಿ ಕಾಂಕ್ರೀಟ್ ಸುರಿಯೂದಲ್ಲ, ಸರಿಯಾದ ಫೂಟಿಂಗ್, ಬೇಸ್ ಪ್ಲೇಟ್, ಆಂಕರ್ ಬೋಲ್ಟ್. ಅಂಚಿನ ಸಾಲುಗಳಲ್ಲಿ ಸ್ಕ್ರೂ ಹತ್ತಿರ ಹತ್ತಿರ. ಗ್ಯಾಲ್ವಾಲ್ಯೂಮ್ (ಅಲ್ಯೂಮಿನಿಯಂ-ಸತು ಲೇಪದ) ಶೀಟ್ ತಗೊಳ್ಳಿ, ರಬ್ಬರ್ ವಾಷರ್ ಇರೂ ಸ್ಕ್ರೂ. ಮತ್ತೆ ಈ ಕಂಬಗಳನ್ನ ಕಂಟೇನರ್‌ಗೆ ವೆಲ್ಡ್ ಮಾಡಬೇಡಿ ದಯವಿಟ್ಟು, ಅಷ್ಟು ಓದಿದ ಮೇಲೂ ಮಾಡ್ತಾರೆ ಜನ.

ಗಜನಿ_ದಂಡೆ:

ಪರ್ಮಿಶನ್ ಬಗ್ಗೆ ಯಾರೂ ಎತ್ಲೇ ಇಲ್ಲ. 'ಟೆಂಪರರಿ, ಎತ್ಕೊಂಡು ಹೋಗೂದು, ಏನೂ ಬೇಡ' ಅನ್ನೂ ಮಾತು ನಂಬಿ ಕೂರಬೇಡಿ, ಅದರಲ್ಲೂ ಕಲ್ಲಿನ ಪಾಯ ಹಾಕಿದ ಮೇಲೆ ಅದು ಎಲ್ಲಿಯ ಟೆಂಪರರಿ. ಗ್ರಾಮ ಪಂಚಾಯತ್ ವ್ಯಾಪ್ತಿಯಾದ್ರೆ ಅಲ್ಲಿಂದ ಲೈಸೆನ್ಸ್ ಬೇಕು, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಜಾಗ ಕೃಷಿ ಜಮೀನಾಗಿದ್ರೆ ಎನ್ಎ (ಕೃಷಿಯೇತರ ಪರಿವರ್ತನೆ) ಆಗಿದೆಯಾ, ಫಾರ್ಮ್ 9-11 (ಪಂಚಾಯತ್ ಕೊಡೂ ಆಸ್ತಿ ದಾಖಲೆ) ಇದೆಯಾ ನೋಡ್ಕೊಳ್ಳಿ. ಸಮುದ್ರದಿಂದ ಒಂದೂವರೆ ಕಿಲೋಮೀಟರ್ ದೂರ ಅಂತ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಇಲ್ಲ ಅಂದ್ಕೋಬೇಡಿ, ಉಬ್ಬರದ ಉಪ್ಪುನೀರು ಏರಿ ಬರೂ ಹೊಳೆ, ಹಳ್ಳಕ್ಕೂ ಅದು ಲಾಗೂ ಆಗ್ತದೆ. ಗಂಗಾವಳಿ ಹೊಳೆ ಪಕ್ಕ, ಗಜನಿ (ಉಪ್ಪುನೀರು ಬರೂ ಗದ್ದೆ) ಪಕ್ಕ ಇರೂವವ್ರಿಗೆ ಇದು ಮನೆ ಅರ್ಧ ಕಟ್ಟಿದ ಮೇಲೇ ಗೊತ್ತಾಗೂದು. ನನಗೂ ಹಾಗೇ ಗೊತ್ತಾಗಿದ್ದು, ಆರು ತಿಂಗಳು ಫೈಲ್ ಹಿಡ್ಕೊಂಡು ಓಡಾಡ್ದೆ.

ಇನ್ನೊಂದು, ಕರೆಂಟ್. ಪೂರ್ತಿ ಕಬ್ಬಿಣದ ಡಬ್ಬಿ ಅದು. ಹೊಸ ಕೋಣೆಗೆ ವಯರ್ ಎಳೆಯೂವಾಗ ಕೊರೆದ ತಗಡಿನ ಅಂಚು ವಯರ್ ಚರ್ಮ ಸುಲೀತದೆ, ಪೈಪ್ ಇಲ್ಲದೆ ದಾಟಿಸಬೇಡಿ. ಕಂಟೇನರ್ ಮೈಗೇ ಅರ್ಥಿಂಗ್ ಕೊಡ್ಸಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೂ ಸ್ವಿಚ್) ಹಾಕ್ಸಿ. ಮಳೆಯಲ್ಲಿ ಒದ್ದೆ ಕಾಲಲ್ಲಿ ಆಯಿ ಗೋಡೆ ಹಿಡ್ಕೊಂಡು ನಡೆಯೂವವರು ಅಲ್ವಾ.

ಚಿರೆಕಲ್ಲು_ಕುಮಟಾ:

👆 ಆ ಕರೆಂಟ್ ಮಾತು ಸಾವಿರ ಸಲ ಸರಿ. ನಾನೊಂದು ಸೇರಿಸ್ತೇನೆ. ಮೇ ಒಳಗೆ ಎಲ್ಲಾ ಮುಗೀಬೇಕು ಅನ್ನೂ ಹಟ ಬಿಡಿ. ಮೇ ಒಳಗೆ ಮಾಡು, ಪಾಯ, ಗೋಡೆ ಆಗ್ಲಿ. ಕೋಣೆಗೆ ಸದ್ಯ ಹೊರಗಿನ ಬಾಗಿಲಿಂದ ಹೋಗಿ, ಅಂಗಳದ ಮೇಲೆ ಮಾಡು ಬಂದಿರ್ತದೆ, ನೆನೆಯೂದಿಲ್ಲ, ಮೆಟ್ಲು ಬದಲು ಉದ್ದಕ್ಕೆ ಇಳಿಜಾರು ಕಟ್ಟಿ. ಒಂದು ಮಳೆಗಾಲ ಪಾಯ ಕೂರ್ಲಿ. ದೀಪಾವಳಿ ಆದ ಮೇಲೆ ದೊಡ್ಡ ಬಾಗಿಲು ಬಿಚ್ಚಿ ಎರಡನ್ನೂ ಸೇರಿಸಿ, ಆವಾಗ ನೆಲದ ಮಟ್ಟ ಎಷ್ಟು ಇಳೀತು ಅಂತ ಕಣ್ಣಿಗೇ ಕಾಣ್ತದೆ, ಹೊಸ್ತಿಲು ಅದಕ್ಕೆ ಸರಿಯಾಗಿ ಕೂರಿಸ್ಬಹುದು. ಈಗಲೇ ಕೂರಿಸಿದ್ರೆ ಅರ್ಧ ಇಂಚು ತೊಡರು ಬರ್ತದೆ, ಮೊಣಕಾಲು ನೋವಿನವ್ರಿಗೆ ಆ ಅರ್ಧ ಇಂಚೇ ಸಾಕು ಬೀಳೂಕೆ.

ಒರಲೆ (ಗೆದ್ದಲು) ಔಷಧಿ ಪಾಯಕ್ಕೆ ಹೊಡೆಸೂದು ಮರೀಬೇಡಿ, ಕಂಟೇನರ್ ನೆಲ ಪ್ಲೈವುಡ್.

ಕಡಲ_ಗಾಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಿಗ್ತದೆ ಅಂದ್ಕೊಂಡಿರ್ಲಿಲ್ಲ. ನಿನ್ನೆ ಟೇಪ್ ಹಿಡಿದು ಅಳತೆ ಮಾಡಿದ್ವಿ. ಪಡುವಣ ತುದಿಗೇ ಕೋಣೆ, ಕೆಂಪುಕಲ್ಲು ಗೋಡೆ, ಎರಡರ ಮೇಲೂ ಒಂದೇ ಶೀಟ್ ಮಾಡು, ಸೇರಿಸೂದು ದೀಪಾವಳಿಗೆ. ನಾಲ್ಕು ದಿವಸದವ್ರಿಗೆ ಫೋನ್ ಮಾಡಿ ಬೇಡ ಅಂದೆ, ಮಾಡಿನ ಕೆಲಸ ಮಾತ್ರ ಕೊಡ್ತೀರಾ ಅಂದ್ರು, ನೋಡ್ಬೇಕು. ಪಂಚಾಯತಿಗೆ ಸೋಮವಾರ ಹೋಗ್ತೇನೆ, ಹಳ್ಳ ನಮ್ಮ ಬೇಲಿಯಿಂದ ಒಂದು 80 ಹೆಜ್ಜೆ, ಅದರಲ್ಲಿ ಉಪ್ಪುನೀರು ಏರೂದು ಚಿಕ್ಕಂದಿನಲ್ಲಿ ನೋಡಿದ ನೆನಪು, ಅದೊಂದು ಎದೆ ಢವ ಢವ.

ಒಂದೇ ಪ್ರಶ್ನೆ ಉಳೀತು. ಆಯಿಗೆ ಹಳೇ ಮನೆಯ ಹಲಸಿನ ಮರ ಕಾಣೂ ಹಾಗೆ ಕಿಟಕಿ ಬೇಕಂತೆ, ಅದು ಸೀದಾ ಪಡುವಣಕ್ಕೆ. ಇಡಬಹುದಾ?

ವೆಲ್ಡಿಂಗ್_ಗ್ಯಾಸ್:

ಇಡಿ. ಹೊರಗೆ ತೆರೆಯೂ ಕದ ಬೇಡ, ಗಾಳಿ ಕಿತ್ಕೊಂಡು ಹೋಗ್ತದೆ. ಜಾರೂ ಕಿಟಕಿ ಹಾಕಿ, ಕೆಳಗಿನ ಚಾನೆಲ್‌ನಲ್ಲಿ ನೀರು ಹೊರಗೆ ಹೋಗೂಕೆ ತೂತು ಇದೆಯಾ ಅಂತ ಅಂಗಡಿಯಲ್ಲೇ ನೋಡಿ ತಗೊಳ್ಳಿ. ಕಿಟಕಿ ಕೆಳಗಿನ ಕಲ್ಲು ಹೊರಗಡೆಗೆ ಸ್ವಲ್ಪ ಇಳಿಜಾರಿರ್ಲಿ, ಮೇಸ್ತ್ರಿಗೆ ಎದುರು ನಿಂತು ಹೇಳಿ ಮಾಡಿಸಿ.