ಸಹಾಯ ಬೇಕು: ವಾಯುವಿಳಂಗದ ಸಾರ ಮತ್ತು ಎಂಟಿಟಿ ಪರೀಕ್ಷೆಯ ತೊಡಕು

ಮಾನ್ಯರೇ,

ಹಾಸನದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ, ನಮ್ಮ ಕಡೆಯ ನಾಟಿ ವೈದ್ಯರು ಹೊಟ್ಟೆಹುಳಕ್ಕೆ ಕೊಡುವ ವಾಯುವಿಳಂಗದ ಒಣಹಣ್ಣಿನ ಎಥನಾಲ್ ಸಾರವನ್ನು, ಕುರಿಯ ಜಠರದಲ್ಲಿ ರಕ್ತ ಹೀರುವ ಹೀಮಾಂಕಸ್ ಹುಳುವಿನ ಮೊಟ್ಟೆಗಳ ಮೇಲೆ ಪರೀಕ್ಷಿಸುತ್ತಿದ್ದೇನೆ. ಹೋಲಿಕೆಗೆ ಆಲ್ಬೆಂಡಜೋಲ್ ಎಂಬ ಜಂತುನಾಶಕವನ್ನು ಜೊತೆಗಿಟ್ಟು, 48 ಗಂಟೆಗಳ ನಂತರ ಒಡೆದ ಮೊಟ್ಟೆಗಳನ್ನು ಎಣಿಸುವ ಆ ಭಾಗದಲ್ಲಿ ಗೊಂದಲವಿಲ್ಲ.

ತೊಡಕಿರುವುದು, ಸಾರ ಕೋಶಗಳಿಗೆ ವಿಷವೇ ಎಂದು ಬಣ್ಣದಿಂದ ಅಳೆಯಲು ವೀರೋ ಕೋಶಗಳ (ಪ್ರಯೋಗಾಲಯದಲ್ಲಿ ಬೆಳೆಸುವ ಮಂಗದ ಮೂತ್ರಪಿಂಡದ ಕೋಶಗಳು) ಮೇಲೆ ಮಾಡುವ ಎಂಟಿಟಿ ಪರೀಕ್ಷೆಯಲ್ಲಿ. ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಆಗಿಸಬೇಕಾದುದು ಜೀವಂತ ಕೋಶ. ಆದರೆ ಕೋಶಗಳನ್ನೇ ಹಾಕದೆ ಮಾಧ್ಯಮ ಮತ್ತು ಸಾರವನ್ನಷ್ಟೇ ತುಂಬಿದ ಗುಳಿಗಳೂ ಅಂಚಿನಿಂದ ನೇರಳೆಗೆ ತಿರುಗುತ್ತಿವೆ. ಸಾರದಲ್ಲಿರುವ ಪಾಲಿಫಿನಾಲ್‌ಗಳು, ಪ್ರಾಯಶಃ ಕ್ವಿನೋನ್ ವರ್ಗದ ಎಂಬೆಲಿನ್ ಕೂಡ, ಎಂಟಿಟಿಯನ್ನು ನೇರವಾಗಿ ಅಪಕರ್ಷಿಸುತ್ತಿವೆ (ಎಲೆಕ್ಟ್ರಾನ್ ಕೊಟ್ಟು ನೇರಳೆಯಾಗಿಸುತ್ತಿವೆ) ಎಂಬುದು ನನ್ನ ಅನುಮಾನ. ಹಾಗಿದ್ದಲ್ಲಿ ಸತ್ತ ಕೋಶವೂ ಬದುಕಿದಂತೆ ಲೆಕ್ಕಕ್ಕೆ ಬಂದು, ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಸಾಂದ್ರತೆ ಸುಳ್ಳಾಗಿ ಏರಿ, ಅದನ್ನು ಅರ್ಧದಷ್ಟು ಹುಳುಮೊಟ್ಟೆಗಳನ್ನು ತಡೆಯುವ ಸಾಂದ್ರತೆಯಿಂದ ಭಾಗಿಸಿ ಪಡೆಯುವ ಸೆಲೆಕ್ಟಿವಿಟಿ ಇಂಡೆಕ್ಸ್ (ಸಾರ ಎಷ್ಟು ಸುರಕ್ಷಿತ ಎಂಬ ಸೂಚ್ಯಂಕ) ಉಬ್ಬಿಬಿಡುತ್ತದೆ. ವಿಷವಾದ ಸಾರವನ್ನು ಸುರಕ್ಷಿತವೆಂದು ಬರೆಯಲು ನನಗೆ ಮನಸ್ಸಿಲ್ಲ.

ಎಂಟಿಟಿ ಹಾಕುವ ಮೊದಲು ಸಾರವನ್ನು ತೆಗೆದು ಪಿಬಿಎಸ್‌ (ಫಾಸ್ಫೇಟ್ ಬಫರ್ ಲವಣದ್ರಾವಣ) ನಲ್ಲಿ ತೊಳೆದರೆ ಸಾಕೇ, ಅಥವಾ ಜೀವಂತ ಕೋಶಗಳು ಹೀರಿಕೊಂಡ ಬಣ್ಣವನ್ನು ಅಳೆಯುವ ನ್ಯೂಟ್ರಲ್ ರೆಡ್ ವಿಧಾನಕ್ಕೇ ಹೋಗಬೇಕೇ? ಬಣ್ಣವಿರುವ ಸಸ್ಯಸಾರಗಳೊಂದಿಗೆ ಇದನ್ನು ಮಾಡಿದವರು ದಯವಿಟ್ಟು ತಿಳಿಸಿ. ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಗುಳಿಗಳ ಬಣ್ಣದ ತೀವ್ರತೆಯನ್ನು ಅಳೆಯುವ, 540 ನ್ಯಾನೊಮೀಟರ್ ಫಿಲ್ಟರ್ ಇರುವ ಪ್ಲೇಟ್ ರೀಡರ್ ಬಳಸಲು ಯಾರಾದರೂ ಅವಕಾಶ ಕೊಡಿಸಬಲ್ಲಿರಾದರೆ, ಪ್ಲೇಟ್ ಹಾಗೂ ರಾಸಾಯನಿಕಗಳನ್ನು ನಾನೇ ತರುತ್ತೇನೆ.